ದಯಾಮಯಿ ಪಂಡಿತಾ ರಮಾಬಾಯಿ

ದಯೆಯೆಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ದೇವಾಲಯದಲ್ಲಿ ಅದನ್ನು ಕುರಿತ ಪ್ರಸಂಗಗಳನ್ನು ಕೇಳಿದ್ದೇವೆ. ಪಾಠಶಾಲೆಯಲ್ಲಿ ಅದನ್ನು ಕುರಿತ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದೇವೆ. ಆದರೆ ದಯೆಯಲ್ಲಿ ಎರಡು ವಿಧಗಳುಂಟು. ಎತ್ತರದಲ್ಲಿ ನಿಂತು ಕೆಳಗೆ ಬಿದ್ದವರ ಕಡೆಗೆ ಕಾಸನ್ನು ಎಸೆಯುವುದು ಒಂದು ವಿಧ. ಬಿದ್ದವರ ಬಳಿಗೆ ಇಳಿದುಹೋಗಿ, ಅವರ ಹಸಿವನ್ನೂ ಅವಮಾನವನ್ನೂ ತನ್ನದೆಂದೇ ಬಗೆದು, ಅವರನ್ನೆಬ್ಬಿಸಿ ತನಗೆ ಸಮಾನರಾಗಿ ನಿಲ್ಲಿಸುವುದು ಮತ್ತೊಂದು ವಿಧ. ಮೊದಲನೆಯದು ಸುಲಭ, ಎರಡನೆಯದು ದುರ್ಲಭ. ಆ ದುರ್ಲಭವಾದ ದಯೆಯನ್ನು ತಮ್ಮ ಬಾಳಿನಲ್ಲಿ ಸಾಧಿಸಿ ತೋರಿಸಿದ ಒಬ್ಬ ಮಹನೀಯಳ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇವೆ. ಪಂಡಿತಾ ರಮಾಬಾಯಿಯವರ ಹೆಸರು ಮಹಾರಾಷ್ಟ್ರದೊಡನೆ ಸೇರಿಹೋಗಿದೆಯಾದರೂ ಅವರು ಹುಟ್ಟಿದ್ದು ನಮ್ಮ ಕನ್ನಡನಾಡಿನ ಕಾಡಿನಲ್ಲಿ. ಅವರ ತಂದೆ ನಮ್ಮ ಮೈಸೂರರಮನೆಯ ಆಶ್ರಯದಲ್ಲಿ ಕೆಲಕಾಲ ಇದ್ದವರು. ಆದುದರಿಂದ ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಹಕ್ಕು ನಮಗುಂಟು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಎಂಬ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ಯೌವನದಲ್ಲಿ ಪುಣೆಗೆ ಹೋಗಿ ಸಂಸ್ಕೃತವನ್ನು ಅಭ್ಯಾಸಮಾಡುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯ ಅರಮನೆಗೆ ಹೋಗಿ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದುದನ್ನು ಕಂಡು ಆಶ್ಚರ್ಯಪಟ್ಟರು. ಸ್ತ್ರೀಯರು ದೇವಭಾಷೆಯನ್ನು ಕಲಿಯಬಹುದಾದರೆ ತಮ್ಮ ಪತ್ನಿಯೇಕೆ ಕಲಿಯಬಾರದೆಂಬ ಆಲೋಚನೆ ಅಂದೇ ಅವರ ಮನಸ್ಸಿನಲ್ಲಿ ಬೇರೂರಿತು. ಮೊದಲನೆಯ ಪತ್ನಿಯ ವಿಷಯದಲ್ಲಿ ಮನೆಯವರ ವಿರೋಧದಿಂದ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಬಳಿಕ, ಆ ಕಾಲದ ಪದ್ಧತಿಯಂತೆ ಲಕ್ಷ್ಮೀಬಾಯಿ ಎಂಬ ಒಂಬತ್ತು ವರ್ಷದ ಬಾಲಿಕೆಯನ್ನು ವಿವಾಹವಾಗಿ, ಆಕೆಗೆ ಸಂಸ್ಕೃತವನ್ನು ಬೋಧಿಸತೊಡಗಿದರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಶಾಸ್ತ್ರಿಗಳು ಉಡುಪಿಯಲ್ಲಿ ಕೂಡಿದ ವಿದ್ವಾಂಸರ ಸಭೆಯ ಮುಂದೆ ನಿಂತು, ಸ್ತ್ರೀಯರ ವಿದ್ಯಾಭ್ಯಾಸವು ಶಾಸ್ತ್ರಕ್ಕೆ ವಿರುದ್ಧವಲ್ಲವೆಂದು ಗ್ರಂಥಗಳ ಆಧಾರದಿಂದಲೇ ವಾದಿಸಿದರು. ಆದರೂ ನೆಂಟರಿಷ್ಟರ ನಡುವೆ ನೆಮ್ಮದಿ ಕಾಣದೆ, ತುಂಗಾ ಭದ್ರಾ ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ ಆಶ್ರಮವನ್ನು ಕಟ್ಟಿಕೊಂಡು, ಪತ್ನಿಗೂ ಶಿಷ್ಯರಿಗೂ ಪಾಠ ಹೇಳುತ್ತ ವಾಸಿಸಿದರು. ಅಲ್ಲಿಯೇ ೧೮೫೮ನೆಯ ಇಸವಿ ಏಪ್ರಿಲ್ ೨೩ನೆಯ ತಾರೀಖು ರಮಾಬಾಯಿಯವರು ಜನಿಸಿದರು.

ಮಗುವಿಗೆ ಆರು ತಿಂಗಳು ತುಂಬುವಷ್ಟರಲ್ಲಿಯೇ ಕುಟುಂಬವು ಆ ಆಶ್ರಮವನ್ನು ಬಿಡಬೇಕಾಯಿತು. ಅತಿಥಿಸತ್ಕಾರದಿಂದ ಶಾಸ್ತ್ರಿಗಳ ಆಸ್ತಿಯೆಲ್ಲವೂ ಕರಗಿಹೋಗಿತ್ತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿದ ಶಿಶುವನ್ನು ಆಳೊಬ್ಬನು ತಲೆಯ ಮೇಲೆ ಹೊತ್ತುಕೊಂಡು ಬೆಟ್ಟವನ್ನಿಳಿದನು. ಅಂದಿನಿಂದ ಆ ಸಂಸಾರವು ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತ, ದೇವಸ್ಥಾನಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣಪ್ರವಚನ ಮಾಡಿ, ಭಕ್ತರು ಕೊಟ್ಟುದರಿಂದ ಜೀವಿಸಿತು. ಎಂಟನೆಯ ವಯಸ್ಸಿನಿಂದ ಹದಿನೈದನೆಯ ವಯಸ್ಸಿನವರೆಗೆ ತಾಯಿಯೇ ಮಗಳಿಗೆ ಗುರುವಾದಳು. ಮುಂಜಾನೆ, ಸಂಸಾರದ ಕೆಲಸಗಳು ತೊಡಗುವುದಕ್ಕೆ ಮುಂಚೆಯೇ ಪಾಠ ನಡೆಯುತ್ತಿತ್ತು. ಭಾಗವತ ಪುರಾಣದ ಹದಿನೆಂಟು ಸಾವಿರ ಶ್ಲೋಕಗಳು ರಮಾಬಾಯಿಯವರಿಗೆ ಕಂಠಸ್ಥವಾದುವು. ಮರಾಠಿ, ಹಿಂದೂಸ್ಥಾನಿ ಮೊದಲಾದ ಭಾಷೆಗಳೊಡನೆ ಕನ್ನಡವನ್ನೂ ಅವರು ಅರಿತಿದ್ದರು.

ಬಳಿಕ ಬಂದಿತು ಕ್ಷಾಮ. ಮದ್ರಾಸ್ ಪ್ರಾಂತ್ಯದಲ್ಲಿ ಮಳೆ ಬೆಳೆಗಳು ತಪ್ಪಿ, ಪುರಾಣ ಕೇಳುವವರೂ ಇಲ್ಲವಾದರು, ಕೊಡುವವರೂ ಇಲ್ಲವಾದರು. ಕೂಲಿ ಮಾಡಲು ಕುಲಾಭಿಮಾನ ಅಡ್ಡಬಂದಿತು. ಭಿಕ್ಷೆ ಬೇಡಲು ಲಜ್ಜೆ ಅಡ್ಡಬಂದಿತು. ಇದ್ದ ಒಡವೆ, ಪಾತ್ರೆ, ಬಟ್ಟೆಗಳೆಲ್ಲವೂ ಮಾರಿಹೋದುವು. ಎಲೆಗಳನ್ನೂ ಕಾಡುಹಣ್ಣುಗಳನ್ನೂ ತಿಂದು ದಿನಗಳನ್ನು ಕಳೆದರು. ೧೮೭೪ರಲ್ಲಿ ತಂದೆ ತೀರಿಕೊಂಡರು. ಕೆಲವು ವಾರಗಳಲ್ಲಿಯೇ ತಾಯಿ ಹಾಸಿಗೆ ಹಿಡಿದಳು. ಆಕೆಯ ಬಾಯಿಗೆ ಏನಾದರೂ ಹಾಕಬೇಕೆಂದು ರಮಾಬಾಯಿಯವರು ನಾಚಿಕೆಯನ್ನು ನುಂಗಿಕೊಂಡು ನೆರೆಮನೆಯ ಬಾಗಿಲಲ್ಲಿ ನಿಂತರು. ಮಾತು ಹೊರಡಲಿಲ್ಲ, ಕಣ್ಣೀರು ಹರಿಯಿತು. ಆ ಮನೆಯಾಕೆ ಅರಿತುಕೊಂಡು ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಕೊಟ್ಟಳು. ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಆಕೆಯ ಪ್ರಾಣಹೋದಾಗ ಹೆಣ ಹೊರುವುದಕ್ಕೆ ನಾಲ್ಕು ಜನರಿರಲಿಲ್ಲ. ಬಹಳ ಹೊತ್ತಿನ ಮೇಲೆ ಇಬ್ಬರು ಬ್ರಾಹ್ಮಣರು ಕನಿಕರಿಸಿ ಬಂದರು; ಮೂರನೆಯವನು ಅಣ್ಣ ಶ್ರೀನಿವಾಸ; ನಾಲ್ಕನೆಯವರು ರಮಾಬಾಯಿಯವರೇ ಆದರು. ಎತ್ತರ ಸಾಲದುದರಿಂದ ಅವರು ಚಟ್ಟದ ಕೊನೆಯನ್ನು ಹೆಗಲಿಗೆ ಬದಲಾಗಿ ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು. ತರುವಾಯ ಅಕ್ಕನೂ ಮರಣಹೊಂದಿದಳು. ಹದಿನಾರು ವರ್ಷದ ಕನ್ಯೆಗೆ ಹಸಿವೆಂದರೇನು, ಕೈಚಾಚುವುದೆಂದರೇನು, ಜನರು ಮುಖ ತಿರುಗಿಸಿಕೊಂಡು ಹೋಗುವುದೆಂದರೇನು ಎಂಬುದು ಹೀಗೆ ತಿಳಿಯಿತು. ಅವರು ಮುಂದೆ ಮಾಡಿದ ಸಕಲ ಕಾರ್ಯಗಳ ಬೀಜವು ಆ ಒಂದು ತುಂಡು ರೊಟ್ಟಿಯಲ್ಲಿ ಇದ್ದಿತೆಂದು ನಾವು ತಿಳಿಯುತ್ತೇವೆ.

ಇದು ಪರನಾಡಿನ ಕಥೆಯೆಂದು ನಮ್ಮ ಓದುಗರು ಭಾವಿಸಬಾರದು. ಇದಾದ ಎರಡು ವರ್ಷಗಳಲ್ಲಿಯೇ, ೧೮೭೬ರಿಂದ ೧೮೭೮ರವರೆಗೆ, ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಮೈಸೂರು ಸೀಮೆಯನ್ನೆಲ್ಲ ಸುಟ್ಟಿತು. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ನಾಶವಾಯಿತು. ಆಗ ಕ್ಲೋಸ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ರಾಮನಗರವಾಗಲಿ, ಚನ್ನಪಟ್ಟಣ, ಕನಕಪುರ, ಮಾಗಡಿಗಳಾಗಲಿ ಈ ಸೀಮೆಯೊಳಗಿನ ಊರುಗಳೇ. ಇಂದು ರಾಮನಗರ ಚನ್ನಪಟ್ಟಣಗಳನ್ನು ಹಾದು ಮೈಸೂರಿಗೆ ಹೋಗುವ ರೈಲುದಾರಿಯು ಆ ಕ್ಷಾಮದ ಕಾಲದಲ್ಲಿ ಹಸಿದವರಿಗೆ ಕೂಲಿ ಕೊಡುವುದಕ್ಕಾಗಿ ಕೈಗೊಂಡ ಕಾಮಗಾರಿಯ ಫಲ. ಮಿಷನ್ನಿನವರು ಅನಾಥ ಮಕ್ಕಳಿಗಾಗಿ ಆಶ್ರಯಗೃಹಗಳನ್ನು ತೆರೆದುದೂ ಆಗಲೇ. ನಮ್ಮ ಸಭೆಗಳಲ್ಲಿನ ಎಷ್ಟೋ ಹಳೆಯ ಕುಟುಂಬಗಳ ಮೊದಲ ಪುಟದಲ್ಲಿ ಆ ಬರದ ನೆರಳು ಬಿದ್ದಿರುವುದು.

ಅಣ್ಣ ತಂಗಿಯರಿಬ್ಬರೂ ಸಾವಿರಾರು ಮೈಲಿಗಳನ್ನು ಬರಿಗಾಲಲ್ಲಿ ನಡೆದು, ಚಳಿಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ ಮಣ್ಣಿನಲ್ಲಿ ಗುಂಡಿ ತೋಡಿ ಮರಳನ್ನೇ ಹೊದ್ದು ಮಲಗಿ, ಕೊನೆಗೆ ೧೮೭೮ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ಪಂಡಿತರು ರಮಾಬಾಯಿಯವರ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂಬ ಹೆಸರನ್ನೂ ಸರಸ್ವತಿ ಎಂಬ ಬಿರುದನ್ನೂ ಕೊಟ್ಟರು. ೧೮೮೦ರಲ್ಲಿ ಅಣ್ಣನೂ ಅಗಲಿದನು. ಅದೇ ವರ್ಷ ಬೇರೆ ಜಾತಿಯ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. ಮಗಳು ಮನೋರಮೆ ೧೮೮೧ರಲ್ಲಿ ಹುಟ್ಟಿದಳು. ಮರುವರ್ಷ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಗೆ ತುತ್ತಾದನು. ಇಪ್ಪತ್ತನಾಲ್ಕು ತುಂಬುವ ಮೊದಲೇ ಅವರು ವಿಧವೆಯಾದರು.

ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಪುಣೆಗೆ ಬಂದ ರಮಾಬಾಯಿಯವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ೧೮೮೨ರಲ್ಲಿ ಹಂಟರ್ ಶಿಕ್ಷಣ ಕಮಿಷನ್ನಿನ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳ ಶಾಲೆಗಳಿಗೆ ಸ್ತ್ರೀಯರೇ ಉಪಾಧ್ಯಾಯಿನಿಯರೂ ಇನ್‌ಸ್ಪೆಕ್ಟರರೂ ಆಗಬೇಕೆಂದೂ, ಸ್ತ್ರೀಯರ ರೋಗಗಳಿಗೆ ಸ್ತ್ರೀ ವೈದ್ಯರೇ ಬೇಕೆಂದೂ ಒತ್ತಿಹೇಳಿದರು. ಇಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯೋ ದಾದಿಯೋ ವೈದ್ಯಳೋ ಆಗಿರುವ ಪ್ರತಿಯೊಬ್ಬಳೂ ಆ ಸಾಕ್ಷ್ಯವನ್ನು ಕೃತಜ್ಞತೆಯಿಂದ ನೆನೆಯತಕ್ಕದ್ದು.

ತಾವೂ ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಆಸೆಯಿಂದ ೧೮೮೩ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿ, ವಾಂಟೇಜ್ ಎಂಬ ಊರಿನಲ್ಲಿ ಸಂತ ಮರಿಯಳ ಹೆಸರಿನ ಸಹೋದರಿಯರ ಮಠದಲ್ಲಿ ಇಳಿದುಕೊಂಡರು. ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆಯ ಆಸೆ ಈಡೇರಲಿಲ್ಲ. ಆದರೆ ಅಲ್ಲಿ ಅವರ ಬಾಳನ್ನು ತಿರುಗಿಸಿದ ಮತ್ತೊಂದು ಸಂಗತಿ ನಡೆಯಿತು. ಸಹೋದರಿಯರು ಅವರನ್ನು ಲಂಡನ್ನಿನ ಫುಲ್ಹಮ್ ಎಂಬಲ್ಲಿದ್ದ ತಮ್ಮ ಆಶ್ರಯಗೃಹಕ್ಕೆ ಕರೆದುಕೊಂಡು ಹೋದರು. ಲೋಕವು ಪತಿತೆಯರೆಂದು ಹೆಸರಿಟ್ಟು ದೂರತಳ್ಳಿದ ಹೆಂಗಸರು ಆ ಮನೆಯಲ್ಲಿ ವಾಸವಾಗಿದ್ದರು. ಯಾರೂ ಅವರನ್ನು ಹೀಗಳೆಯುತ್ತಿರಲಿಲ್ಲ. ಅವರು ಹೊಸ ಜೀವನವನ್ನು ಹಿಡಿದು, ರೋಗಿಗಳ ಆರೈಕೆಯಲ್ಲಿ ಸಂತೋಷಪಡುತ್ತಿದ್ದರು. ಹಳೆಯ ಧರ್ಮಶಾಸ್ತ್ರಗಳಲ್ಲಿ ಇಂಥವರಿಗೆ ಕಠಿಣವಾದ ದಂಡನೆಯನ್ನಷ್ಟೇ ಓದಿದ್ದ ರಮಾಬಾಯಿಯವರಿಗೆ ಇದೊಂದು ವಿಸ್ಮಯವಾಯಿತು. ಇದಕ್ಕೆ ಕಾರಣವೇನೆಂದು ಕೇಳಿದಾಗ ಒಬ್ಬ ಸಹೋದರಿಯು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ವಿವರಿಸಿದಳು. ಊರಿನವರ ಕಣ್ಣು ತಪ್ಪಿಸಿ ನಡುಮಧ್ಯಾಹ್ನ ಬಾವಿಗೆ ಬಂದ ಸಮಾರ್ಯದ ಹೆಂಗಸಿನೊಡನೆ ಕರ್ತನು ತಾನಾಗಿಯೇ ಮಾತಾಡಿ ನೀರು ಕೇಳಿದ ಆ ವೃತ್ತಾಂತವು ಅವರ ಹೃದಯದಲ್ಲಿ ನಾಟಿತು. ಅದೇ ವರ್ಷ ಸೆಪ್ಟೆಂಬರ್ ೨೯ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು.

ಆದರೆ ಸಭೆಯನ್ನು ಸೇರಿದೊಡನೆ ಅವರ ಹಾದಿ ಹೂವಿನದಾಯಿತೆಂದು ಭಾವಿಸಬಾರದು. ಚೆಲ್ಟನ್‌ಹ್ಯಾಮ್ ಸ್ತ್ರೀಯರ ಕಾಲೇಜಿನಲ್ಲಿ ಕಲಿಯುತ್ತ ಸಂಸ್ಕೃತವನ್ನು ಕಲಿಸುತ್ತಿದ್ದಾಗ, ಪುರುಷರಿಗೂ ಅವರು ಪಾಠ ಹೇಳುವುದು ತರವಲ್ಲವೆಂದು ಬಿಷಪ್ಪರು ಆಕ್ಷೇಪಿಸಿದರು. ಮತತತ್ತ್ವಗಳಲ್ಲಿ ಅವರಿಗೆ ಸಂದೇಹಗಳಿದ್ದುವು. ಅವುಗಳನ್ನು ಅವರು ಅಡಗಿಸಿಡಲಿಲ್ಲ. ಶಿಲುಬೆಯ ಮೇಲಿನ ಲ್ಯಾಟಿನ್ ಅಕ್ಷರಗಳ ವಿಷಯದಲ್ಲಿ, ತಮ್ಮ ಜನರಿಗೆ ಸಂಸ್ಕೃತವಿರುವಾಗ ಈ ಭಾಷೆಯೇಕೆಂದು ಕೇಳಿದರು. ಶಾಕಾಹಾರವನ್ನು ಬಿಡಲಿಲ್ಲ. ಹಿತೈಷಿಗಳೇ ಅವರನ್ನು ಹಠಮಾರಿಯೆಂದರು, ಗರ್ವಿಷ್ಠೆಯೆಂದರು. ಪ್ರೀತಿಸುವವರು ಸಹ ತಮ್ಮ ಅಚ್ಚಿನಲ್ಲಿಯೇ ನಮ್ಮನ್ನು ಎರಕಹೊಯ್ಯಲು ಬಯಸಿದಾಗ ಎಷ್ಟು ನೋವಾಗುವುದೆಂಬುದನ್ನು ಅವರು ಅನುಭವದಿಂದ ಅರಿತರು. ಆದರೂ ಪ್ರೀತಿಯ ಸಂಬಂಧವನ್ನು ಕಡಿದುಕೊಳ್ಳದೆ, ಆ ಸಹೋದರಿಯರಿಗೆ ಕೊನೆಯವರೆಗೂ ಕೃತಜ್ಞರಾಗಿದ್ದರು.

೧೮೮೬ರಲ್ಲಿ ಅವರು ಅಮೆರಿಕೆಗೆ ಹೋಗಿ, ಆನಂದೀಬಾಯಿ ಜೋಶಿಯವರು ವೈದ್ಯ ಪದವಿಯನ್ನು ಪಡೆದ ಸಮಾರಂಭದಲ್ಲಿ ಉಪಸ್ಥಿತರಾದರು. ಹಿಂದೂ ಉಚ್ಚಕುಲದ ಸ್ತ್ರೀಯರ ದುಃಸ್ಥಿತಿಯನ್ನು ಕುರಿತು ಅವರು ಬರೆದ ಇಂಗ್ಲಿಷ್ ಗ್ರಂಥವು ೧೮೮೭ರಲ್ಲಿ ಪ್ರಕಟವಾಗಿ, ಅದೇ ವರ್ಷ ಬಾಸ್ಟನ್ ನಗರದಲ್ಲಿ ಅವರ ಕಾರ್ಯಕ್ಕೆ ನೆರವಾಗಲು ಒಂದು ಸಂಘವು ಏರ್ಪಟ್ಟಿತು. ೧೮೮೯ ಮಾರ್ಚ್ ೧೧ರಂದು ಬೊಂಬಾಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕುಳಿತಿರಬೇಕಾಗಿದ್ದ ಹೆಣ್ಣುಮಕ್ಕಳು ಅಲ್ಲಿ ಓದಿದರು, ಆಡಿದರು, ತೋಟದಲ್ಲಿ ಹೂ ಕೊಯ್ದರು. ಮೊದಲ ವಿದ್ಯಾರ್ಥಿನಿಯರಲ್ಲೊಬ್ಬಳಾದ ಗೋದೂಬಾಯಿ ಎಂಬ ವಿಧವೆಯು ಮುಂದೆ ಮಹರ್ಷಿ ಕರ್ವೆಯವರ ಧರ್ಮಪತ್ನಿಯಾದಳು. ಆ ಕರ್ವೆಯವರು ೧೯೧೬ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು.

ಸದನದಲ್ಲಿ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಆಚಾರವನ್ನು ನಡೆಸಿಕೊಳ್ಳುವ ಸ್ವಾತಂತ್ರ್ಯವಿದ್ದಿತು. ಆದರೆ ರಮಾಬಾಯಿಯವರು ಪ್ರಾರ್ಥಿಸುವಾಗ ತಮ್ಮ ಕೊಠಡಿಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಇಷ್ಟಪಟ್ಟ ಹುಡುಗಿಯರು ಬಂದು ಕುಳಿತುಕೊಳ್ಳುತ್ತಿದ್ದರು. ಇದರಿಂದ ೧೮೯೩ರಲ್ಲಿ ದೊಡ್ಡ ವಿವಾದವೆದ್ದು, ರಾನಡೆ ಭಾಂಡಾರಕರ್ ಮೊದಲಾದ ಗಣ್ಯರು ಸಲಹಾ ಮಂಡಲಿಯನ್ನು ಬಿಟ್ಟರು; ಅನೇಕ ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರು. ಆ ಪೋಷಕರ ಕಳವಳಕ್ಕೆ ಕಾರಣವಿರಲಿಲ್ಲವೆಂದು ನಾವು ಹೇಳಲಾರೆವು. ಮಗಳು ತಮ್ಮಿಂದ ದೂರವಾದಾಳೆಂಬ ಭಯ ಯಾವ ತಾಯಿತಂದೆಗಳಿಗೂ ಸಹಜವಾದುದೇ. ಆದರೆ ಬಿಟ್ಟುಹೋದವರ ಮೇಲೆ ಕೋಪವಿಟ್ಟುಕೊಳ್ಳದೆ, ಉಳಿದವರನ್ನು ಕಟ್ಟಿಕೊಂಡು ಕೆಲಸವನ್ನು ಮುಂದುವರಿಸಿದುದು ಅವರ ಹಿರಿಮೆ.

೧೮೯೬ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಕ್ಷಾಮ ತಲೆದೋರಿತು. ಆ ಸುದ್ದಿಯನ್ನು ಕೇಳಿದೊಡನೆ ರಮಾಬಾಯಿಯವರಿಗೆ ತಮ್ಮ ಹಳೆಯ ದಿನಗಳು ಕಣ್ಣಿಗೆ ಕಟ್ಟಿದುವು. ಕೈಯಲ್ಲಿ ಹಣ ಸಾಲದಿದ್ದರೂ ಹೊರಟೇಹೋದರು. ಸರಕಾರದ ಬಡವರ ಮನೆಗಳಲ್ಲಿ ಎಲುಬಿನ ಗೂಡುಗಳಾಗಿ ಬಿದ್ದಿದ್ದವರನ್ನು ಕಂಡರು. ಅದಕ್ಕಿಂತ ಭಯಂಕರವಾದುದನ್ನೂ ಕಂಡರು. ದಿಕ್ಕಿಲ್ಲದ ಹುಡುಗಿಯರನ್ನು ಒಂದು ತುತ್ತಿನ ಆಸೆ ತೋರಿಸಿ ದುರ್ಮಾರ್ಗಕ್ಕೆ ಮಾರುವ ದುಷ್ಟರು ಆ ಮನೆಗಳ ಸುತ್ತ ಸುಳಿಯುತ್ತಿದ್ದರು. ಸಾಧ್ಯವಾದಷ್ಟು ಮಂದಿಯನ್ನು ಅವರ ಕೈಗೆ ಸಿಕ್ಕದಂತೆ ಕರೆದುತಂದರು. ಆ ಕ್ಷಾಮದಿಂದ ಉಳಿದು ಅವರ ಆಶ್ರಯ ಸೇರಿದವರು ಸುಮಾರು ೩೦೦ ಮಂದಿ. ಆಗಲೇ ಪುಣೆಗೆ ಪ್ಲೇಗು ಬಂದುದರಿಂದ ಅಷ್ಟು ಜನರನ್ನು ಊರೊಳಗೆ ಇರಿಸಿಕೊಳ್ಳಲು ಅನುಮತಿ ದೊರೆಯಲಿಲ್ಲ. ಪುಣೆಯಿಂದ ಮೂವತ್ತು ನಾಲ್ವತ್ತು ಮೈಲಿ ದೂರದ ಕೇಡಗಾಂವ್ ಎಂಬಲ್ಲಿ ಹಣ್ಣಿನ ತೋಟಕ್ಕೆಂದು ಅವರು ಕೊಂಡಿದ್ದ ಸುಮಾರು ೧೦೦ ಎಕರೆ ನೆಲವಿದ್ದಿತು. ಅಲ್ಲಿ ಗುಡಿಸಲುಗಳನ್ನು ಹಾಕಿ ಎಲ್ಲರನ್ನೂ ಇಳಿಸಿದರು. ಅದೇ ಮುಕ್ತಿ ಸದನ. ಪ್ಲೇಗಿನ ಆಸ್ಪತ್ರೆಗಳಲ್ಲಿ ಸ್ತ್ರೀಯರಿಗೆ ರಕ್ಷಣೆಯಿಲ್ಲವೆಂದು ೧೮೯೭ರಲ್ಲಿ ಪತ್ರಿಕೆಗೆ ಬರೆದು, ಅಧಿಕಾರಿಗಳ ಅಸಮಾಧಾನಕ್ಕೂ ಅವರು ಅಂಜಲಿಲ್ಲ.

೧೯೦೦ರ ಗುಜರಾತಿನ ಕ್ಷಾಮದ ಬಳಿಕ ಮುಕ್ತಿಯಲ್ಲಿದ್ದವರ ಸಂಖ್ಯೆಯು ಎರಡು ಸಾವಿರದ ಹತ್ತಿರಕ್ಕೆ ಏರಿತು. ಬಂದ ಹುಡುಗಿಯರು ಮೈಯೆಲ್ಲ ಹುಣ್ಣಾದವರು, ಹಸಿವಿನಿಂದ ಮೃಗಗಳಂತಾಗಿ ಅನ್ನವನ್ನು ಕಸಿದುಕೊಳ್ಳುವವರು, ಕದಿಯುವವರು. ಶಾರದಾ ಸದನದಲ್ಲಿ ಓದಿದ್ದ ಹಿರಿಯ ಹುಡುಗಿಯರೇ ಅವರಿಗೆ ದಾದಿಯರೂ ಶಿಕ್ಷಕಿಯರೂ ಆದರು. ಉಚ್ಚಕುಲದ ವಿಧವೆಯು ಯಾವ ಕುಲವೆಂದು ಕೇಳದೆ ಅನಾಥೆಯ ಹುಣ್ಣನ್ನು ತೊಳೆದಳು. ರಮಾಬಾಯಿಯವರು ಯಾರನ್ನೂ ಕುಳಿತು ಉಣ್ಣಲು ಬಿಡಲಿಲ್ಲ. ದಯೆಯು ಸೋಮಾರಿತನವನ್ನು ಬೆಳೆಸಬಾರದೆಂಬುದು ಅವರ ನಿಲುವು. ಬಾವಿಗಳನ್ನು ತೋಡಿಸಿದರು, ಹೊಲ ಉಳಿಸಿದರು. ಮಗ್ಗ, ಎಣ್ಣೆಗಾಣ, ಹೈನು, ಮುದ್ರಣಾಲಯಗಳನ್ನು ಹೆಂಗಸರ ಕೈಯಿಂದಲೇ ನಡೆಸಿದರು. ಕುರುಡರಿಗಾಗಿ ಒಂದು ಶಾಲೆಯನ್ನು ಮಾಡಿದರು. ಮನೋರಮೆಯು ಅಮೆರಿಕೆಯಲ್ಲಿ ಬ್ರೈಲ್ ಲಿಪಿಯನ್ನು ಕಲಿತುಬಂದಿದ್ದಳು. ವೃದ್ಧೆಯರಿಗಾಗಿ ಪ್ರೀತಿ ಸದನವು ಏರ್ಪಟ್ಟಿತು.

ಇವೆಲ್ಲವುಗಳಿಗಿಂತ ನಮಗೆ ಮುಖ್ಯವಾಗಿ ತೋರುವುದು ಕೃಪಾ ಸದನ. ಮೋಸಹೋದ ಹೆಣ್ಣುಮಕ್ಕಳಿಗೆ, ಗಂಡನಿಲ್ಲದೆ ಬಸಿರಾದವರಿಗೆ, ಬೀದಿಯ ಬಾಳಿನಿಂದ ಹೊರಬಂದವರಿಗೆ ಅಲ್ಲಿ ಆಶ್ರಯವಿದ್ದಿತು. ವಿಧವೆಗೆ ಮರುಗುವವರು ಅನೇಕರು, ಅನಾಥೆಗೆ ಅನ್ನವಿಡುವವರು ಅನೇಕರು. ತಪ್ಪಿದವಳೆಂದು ಊರು ಬೆರಳು ತೋರಿಸಿದವಳಿಗೆ ಬಾಗಿಲು ತೆರೆಯುವವರು ವಿರಳ. ಫುಲ್ಹಮಿನಲ್ಲಿ ಕಂಡುದನ್ನು ರಮಾಬಾಯಿಯವರು ಹೊಗಳಿ ಸುಮ್ಮನಾಗಲಿಲ್ಲ. ಅದನ್ನು ಕೇಡಗಾಂವಿನ ಮಣ್ಣಿನಲ್ಲಿ ನೆಟ್ಟು ಬೆಳೆಸಿದರು.

ಕನ್ನಡನಾಡನ್ನೂ ಅವರು ಮರೆಯಲಿಲ್ಲ. ಆಗ ನಿಜಾಮರ ಆಳ್ವಿಕೆಗೆ ಸೇರಿದ್ದು ಇಂದು ಕಲಬುರಗಿಯೆನಿಸಿಕೊಂಡಿರುವ ಗುಲ್ಬರ್ಗದಲ್ಲಿ, ೧೯೧೨ರ ಹೊತ್ತಿಗೆ ತಾಯಿಮಗಳು ಒಂದು ಕ್ರೈಸ್ತ ಹೈಸ್ಕೂಲನ್ನು ಆರಂಭಿಸಿದರು. ಮನೋರಮೆಯೇ ಅದರ ಮುಖ್ಯಸ್ಥೆಯಾದಳು. ವಿದ್ಯೆಗೆ ಹಿಂದುಳಿದ ಸೀಮೆಯನ್ನೇ ಅವರು ಹುಡುಕಿ ಹೋದರೆಂಬುದನ್ನು ನಾವು ಗಮನಿಸಬೇಕು.

ಜೀವನದ ಕೊನೆಯ ಭಾಗವನ್ನು ಅವರು ಸತ್ಯವೇದವನ್ನು ಹಿಬ್ರೂ ಗ್ರೀಕ್ ಮೂಲಗಳಿಂದ ಸುಲಭವಾದ ಮರಾಠಿಗೆ ಭಾಷಾಂತರಿಸುವುದರಲ್ಲಿ ಕಳೆದರು. ಪಂಡಿತರ ಸಭೆಯನ್ನು ಗೆದ್ದ ನಾಲಗೆಯು ಅಕ್ಷರ ಕಲಿತ ಹಳ್ಳಿಯ ಹೆಂಗಸಿಗೂ ತಿಳಿಯುವ ಮಾತನ್ನೇ ಹುಡುಕಿತು. ೧೯೧೯ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ೧೯೨೧ರ ಜುಲೈಯಲ್ಲಿ ಏಕಮಾತ್ರ ಪುತ್ರಿ ಮನೋರಮೆಯು ತೀರಿಕೊಂಡಳು. ಆ ಶೋಕವನ್ನೂ ಹೊತ್ತುಕೊಂಡು ಭಾಷಾಂತರವನ್ನು ಮುಗಿಸಿ, ೧೯೨೨ ಏಪ್ರಿಲ್ ೫ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆಹೋದರು. ಸಂಪೂರ್ಣ ಮರಾಠಿ ಸತ್ಯವೇದವು ೧೯೨೪ರಲ್ಲಿ ಹೊರಬಂದಿತು. ೧೯೮೯ರಲ್ಲಿ ಭಾರತ ಸರಕಾರವು ಅವರ ಸ್ಮರಣಾರ್ಥವಾಗಿ ಅಂಚೆಚೀಟಿಯನ್ನು ಹೊರಡಿಸಿತು. ಮುಕ್ತಿಯ ಬಾಗಿಲು ಇಂದಿಗೂ ತೆರೆದೇ ಇರುವುದು.

ಪ್ರಿಯ ಸಹೋದರಿಯರೇ, ಈ ಚರಿತ್ರೆಯನ್ನು ಓದಿ ಮಹಾತ್ಮರ ಮಾತು ಮಹಾತ್ಮರಿಗೇ ಸರಿಯೆಂದು ಪುಸ್ತಕವನ್ನು ಮುಚ್ಚಿಬಿಡುವುದು ಸುಲಭ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯೇ ನಾವು ಕಣ್ಣೆತ್ತಿ ನೋಡೋಣ. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಕುದಿನೀರಿಗೆ ಬೆರಳಿಟ್ಟು ದುಡಿಯುವ ತಾಯಂದಿರಿದ್ದಾರೆ. ಚನ್ನಪಟ್ಟಣದಲ್ಲಿ ಬೊಂಬೆಗಳಿಗೆ ಅರಗಿನ ಬಣ್ಣ ಹಾಕಿ ಮಕ್ಕಳನ್ನು ಓದಿಸುವವರಿದ್ದಾರೆ. ಕನಕಪುರ ಮಾಗಡಿಗಳ ಹಳ್ಳಿಗಳಲ್ಲಿ ಶಾಲೆಯನ್ನು ಅರ್ಧಕ್ಕೆ ಬಿಟ್ಟು ಹಸೆಮಣೆಯೇರುವ ಹುಡುಗಿಯರು ಇಲ್ಲವೆಂದು ಯಾರು ಹೇಳಬಲ್ಲರು? ಇವರಲ್ಲೊಬ್ಬಳು ಗಂಡ ಬಿಟ್ಟವಳಾಗಿ, ಅಥವಾ ಮೋಸಹೋದವಳಾಗಿ, ಆದಿತ್ಯವಾರ ನಮ್ಮ ದೇವಾಲಯದ ಹಿಂದಿನ ಬೆಂಚಿನಲ್ಲಿ ಬಂದು ಕುಳಿತಾಗ ನಾವು ಏನು ಮಾಡುತ್ತೇವೆ? ಆಕೆಯ ವಿಷಯವನ್ನು ಪಿಸುಗುಟ್ಟುತ್ತೇವೆಯೋ, ಎದ್ದುಹೋಗಿ ಪಕ್ಕದಲ್ಲಿ ಕುಳಿತುಕೊಳ್ಳುತ್ತೇವೆಯೋ? ಸಭೆಯ ದಯೆಗೆ ಪರೀಕ್ಷೆಯು ಹುಂಡಿಯ ಕಾಣಿಕೆಯಲ್ಲಿ ನಡೆಯುವುದಿಲ್ಲ, ಆ ಬೆಂಚಿನಲ್ಲಿ ನಡೆಯುತ್ತದೆ.

ತಾಯಿತಂದೆಗಳಿಗೂ ನಮ್ಮದೊಂದು ವಿಜ್ಞಾಪನೆ. ಮಗಳೊಬ್ಬಳು ಎಡವಿದಾಗ ಮಾನಹೋಯಿತೆಂದು ಬಾಗಿಲು ಮುಚ್ಚುವ ಮೊದಲು, ಅನಂತಶಾಸ್ತ್ರಿಗಳನ್ನು ಸ್ಮರಿಸಿರಿ. ಊರೆಲ್ಲ ಎದುರು ನಿಂತರೂ ಅವರು ತಮ್ಮ ಮನೆಯ ಹೆಣ್ಣಿನ ಕಡೆ ನಿಂತರು. ಆ ನಿಲುವಿನಿಂದಲೇ ಒಬ್ಬ ರಮಾಬಾಯಿ ಹುಟ್ಟಿದರು. ಒಬ್ಬ ರಮಾಬಾಯಿಯಿಂದ ಸಾವಿರಾರು ಹೆಣ್ಣುಮಕ್ಕಳು ಬದುಕಿಕೊಂಡರು. ಅಂಥ ದಯೆಯನ್ನು ದೇವರು ನಮ್ಮ ಮನೆಗಳಿಗೂ ಸಭೆಗಳಿಗೂ ಅನುಗ್ರಹಿಸಲೆಂದು ಬೇಡಿಕೊಳ್ಳುತ್ತ ಈ ಚರಿತ್ರೆಯನ್ನು ಮುಗಿಸುತ್ತೇವೆ.